ಅಕ್ಕನ ಹೆಬ್ಬೆಟ್ಟು

ಮೂವತ್ತು ವರ್ಷ ನಾನು ಮಾಡಿದ ಕೆಲಸ ಒಂದೇ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದು. ಒಂದು ಮೊಳೆ ಮಾಡಲಿಲ್ಲ, ಒಂದು ಗುಂಡಿ ಹೊಲಿಯಲಿಲ್ಲ, ಒಂದು ನೆಲ ಒರೆಸಲಿಲ್ಲ. ಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಕೂತು, ಇದನ್ನೆಲ್ಲ ಮಾಡುವವರು ಒಳಗೆ ಹೋಗುವುದನ್ನು ನೋಡಿದೆ. ಆ ಕೋಣೆಗೆ ಹೋದಲ್ಲೆಲ್ಲ ಒಂದೇ ಹೆಸರು, ಟೈಮ್ ಆಫೀಸ್. ಕೆಲಸಗಳು ಬದಲಾದವು, ಕೆಲಸಗಾರರು ಬದಲಾದರು. ಟೈಮ್ ಆಫೀಸು ಮಾತ್ರ ಎಲ್ಲಿ ಹೋದರೂ ಮೆಟ್ಟಿಲ ಕೆಳಗೇ ಇರುತ್ತಿತ್ತು.

ಆ ಮೂವತ್ತು ವರ್ಷದಲ್ಲಿ ನಾನು ಹೇಳಹೊರಟಿರುವುದು ಒಂದು ವಾರದ ಕಥೆ. ನನ್ನ ಸ್ವಂತ ಅಕ್ಕನ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ನಾನು ಆರು ದಿನ ಅನ್ನ ಸೇರದೆ ಒದ್ದಾಡಿದ ವಾರ ಅದು. ಹೇಳಬೇಕಾದರೆ ಊದುಬತ್ತಿಯಿಂದಲೇ ಶುರು ಮಾಡಬೇಕು.

ನಾವು ಬೆಳೆದದ್ದು ಮಾಗಡಿ ರಸ್ತೆಯ ಪಕ್ಕದ ಒಂದು ವಠಾರದಲ್ಲಿ. ವಠಾರದ ಯಜಮಾನರು ಅದೇ ಜಾಗದಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದವರು. ಸುತ್ತಲ ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಉಳಿದ ತುಂಡು ನೆಲದಲ್ಲಿ ಎಂಟು ಮನೆ ಕಟ್ಟಿಸಿ ಬಾಡಿಗೆ ಬೆಳೆಯತೊಡಗಿದರು. "ರಾಗಿಗಿಂತ ಇದೇ ವಾಸಿ ಕಣಮ್ಮ, ಮೋಡ ನೋಡೋ ಹಂಗಿಲ್ಲ," ಎಂದು ಅಮ್ಮನ ಹತ್ತಿರ ನಗುತ್ತಿದ್ದರಂತೆ. ಅಪ್ಪ ಬಟ್ಟೆ ಗಿರಣಿಯಲ್ಲಿದ್ದ. ನನಗೆ ಎರಡು ವರ್ಷ, ಅಕ್ಕನಿಗೆ ಎಂಟು ವರ್ಷ ಇದ್ದಾಗ ಗಿರಣಿ ಮುಚ್ಚಿತು. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಎಂದು ಅಪ್ಪ ಮುಚ್ಚಿದ ಗೇಟಿನ ಮುಂದೆ ಒಂದು ವರ್ಷ ನಿಂತ. ಆಮೇಲೆ ನಿಲ್ಲುವುದನ್ನೂ ಬಿಟ್ಟು ಮನೆಯಲ್ಲಿ ಕೂತ. ಅಮ್ಮ ಮಾತ್ರ ಗಿರಣಿ ಮುಚ್ಚಿದ ತಿಂಗಳೇ ಊದುಬತ್ತಿ ಹೊಸೆಯಲು ಕೂತಿದ್ದಳು. ಅಕ್ಕನ ಶಾಲೆ ಎರಡನೇ ಕ್ಲಾಸಿಗೇ ನಿಂತಿತು. ಅವಳು ಕಲಿತಿದ್ದ ನಾಲ್ಕು ಅಕ್ಷರವೂ ಆ ಕಪ್ಪು ಹಿಟ್ಟಿನಲ್ಲಿ ಕಲಸಿಹೋದವು.

ಊದುಬತ್ತಿ ಹೊಸೆಯುವುದನ್ನು ನೋಡದವರಿಗೆ ಅದು ಪೂಜೆಯ ಕೆಲಸದಂತೆ ಕೇಳಿಸಬಹುದು. ಅದಕ್ಕೆ ಗಂಧವಿರಲಿಲ್ಲ. ಗಂಧ ಹಾಕುವುದು ಆಮೇಲೆ, ಕಂಪನಿಯವರು. ನಮ್ಮ ಮನೆಗೆ ಬರುತ್ತಿದ್ದದ್ದು ಬಿದಿರಿನ ಕಡ್ಡಿಯ ಕಟ್ಟು ಮತ್ತು ಇದ್ದಿಲ ಪುಡಿಯ ಮೂಟೆ. ಪುಡಿಯನ್ನು ನೀರು ಹಾಕಿ ಅಂಟುವ ಹಿಟ್ಟು ಮಾಡಬೇಕು. ಮುಂದೆ ಒಂದು ಇಳಿಜಾರು ಮಣೆ. ಬಲಗೈಯ ಬೆರಳಲ್ಲಿ ಚಿಟಿಕೆ ಹಿಟ್ಟು ಚಿವುಟಿ, ಎಡಗೈಯಲ್ಲಿ ಕಡ್ಡಿಯ ತುದಿ ಹಿಡಿದು ತಿರುಗಿಸುತ್ತ, ಬಲ ಅಂಗೈಯಿಂದ ಮಣೆಗೆ ಒತ್ತಿ ಒಂದೇ ಎಳೆತಕ್ಕೆ ಉಜ್ಜಬೇಕು. ದಪ್ಪ ಆದರೆ ವಾಪಸ್ಸು, ಸಣ್ಣ ಆದರೆ ವಾಪಸ್ಸು. ಅಕ್ಕ ಬೆಳಗ್ಗೆ ಕೂತರೆ ಸಂಜೆಯವರೆಗೆ ಉಜ್ಜುತ್ತಿದ್ದಳು. ವಠಾರದ ಎಂಟು ಮನೆಯಲ್ಲಿ ಆರು ಮನೆಯ ಹೆಂಗಸರ ಕೈ ಮೊಣಕೈವರೆಗೆ ಕಪ್ಪು. ಕೈ ನೋಡಿದರೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ.

ನಾನು ಮಣೆಯ ಹತ್ತಿರ ಹೋದರೆ ಅಮ್ಮ ಮೊಣಕೈಯಿಂದ ತಿವಿಯುತ್ತಿದ್ದಳು. "ಓದೋ ಕೈ ಅದು, ಕಪ್ಪು ಮಾಡ್ಕೋಬೇಡ, ಎದ್ದೋಗು." ನಾನು ಎದ್ದು ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ಗಾದೆ ಬರೆಸುತ್ತಿದ್ದರು. ನಮ್ಮ ಮನೆಯಲ್ಲಿ ಕೈ ಕೆಸರಾದದ್ದು ಅಕ್ಕನದು, ಬಾಯಿ ಮೊಸರಾದದ್ದು ನನ್ನದು.

ವಾರಕ್ಕೊಮ್ಮೆ ಕಂಪನಿಯ ಏಜೆಂಟ್ ಸೈಕಲ್ಲಿನಲ್ಲಿ ಬಂದು ಕಟ್ಟುಗಳನ್ನು ತೆಗೆದುಕೊಂಡು ಹೋಗುತ್ತಿದ್ದ. ಪುಸ್ತಕದ ಜೊತೆ ನೇರಳೆ ಮಸಿಯ ಡಬ್ಬಿಯನ್ನೂ ತೆಗೆಯುತ್ತಿದ್ದ. ಹೆಂಗಸರು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. "ಬನ್ರಮ್ಮ, ಬನ್ರಿ ಹೆಬ್ಬೆಟ್ಗಳು," ಎಂದು ಕರೆಯುತ್ತಿದ್ದ. ಅವನು ಕೆಟ್ಟವನಲ್ಲ, ಅದು ಆಗಿನ ಮಾತು. ಓದು ಬಾರದವರಿಗೆ ಹೆಬ್ಬೆಟ್ಟು ಎನ್ನುವುದು ಕುಂಟನಿಗೆ ಕುಂಟ ಎಂದಷ್ಟೇ ಸಲೀಸು. ಅಕ್ಕನಿಗೆ ಆಗ ಹದಿನೈದೋ ಹದಿನಾರೋ. ಒಂದು ವಾರ ಅವನು ಹೋದ ಮೇಲೆ ನನ್ನ ಮುಂದೆ ಬಂದು ಕೂತಳು.

"ನನ್ನ ಹೆಸರು ಬರೆಯೋದು ತೋರ್ಸು," ಎಂದಳು.

ನಾನು ಸ್ಲೇಟಿನಲ್ಲಿ ಬರೆದೆ. ಮೂರು ಅಕ್ಷರದ ಹೆಸರು. ಅವಳು ಒಂದು ವಾರ ಅದನ್ನೇ ತಿದ್ದಿದಳು, ಹಿಟ್ಟಿನ ಕೈಯಲ್ಲೇ ಮಣೆಯ ಮೇಲೆ ಸಹ. ಮುಂದಿನ ಸಲ ಏಜೆಂಟ್ ಮಸಿ ಡಬ್ಬಿ ಮುಂದಿಟ್ಟಾಗ ಅವಳು ಅದನ್ನು ಪಕ್ಕಕ್ಕೆ ಸರಿಸಿ, "ಪೆನ್ ಕೊಡಿ," ಎಂದಳು. ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆದಳು. ಆ ಬಾಲ ಪಕ್ಕದ ಮನೆಯವರ ಖಾನೆಯನ್ನೂ ದಾಟಿತ್ತು. ಅವತ್ತಿನಿಂದ ಏಜೆಂಟ್ ಅವಳನ್ನು "ಸೈನ್‌ನೋರು" ಎಂದು ಕರೆದ.

ಮದುವೆಯ ಹಿಂದಿನ ದಿನ ಅವಳಿಗೆ ಗೋರಂಟಿ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಮೂರು ದಿನದಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದಳು. ಆದರೂ ಗೋರಂಟಿಯ ಕೆಂಪು ಆ ಕಪ್ಪಿನ ಮೇಲೆ ಕಾಣಲೇ ಇಲ್ಲ. ಹೆಂಗಸರು ಅಂಗೈ ಬಿಟ್ಟು ಕೈಯ ಹಿಂಬದಿಗೆ ಹಚ್ಚಿದರು. "ಗಂಡ ಹಿಂದೆ ಹಿಂದೆ ಬರ್ತಾನೆ ಬಿಡು," ಎಂದು ನಕ್ಕರು. ಮದುವೆಯಾಗಿ ಕಾಮಾಕ್ಷಿಪಾಳ್ಯದ ಒಂದು ಕೋಣೆಯ ಮನೆಗೆ ಹೋದಳು, ಮಣೆಯನ್ನೂ ಜೊತೆಗೆ ತೆಗೆದುಕೊಂಡು ಹೋದಳು. ಭಾವ ಆಟೋ ಓಡಿಸುತ್ತಿದ್ದರು. ಅವಳು ಇನ್ನೂ ಮೂವತ್ತು ವರ್ಷ ಉಜ್ಜಿದಳು. ಜನಗಣತಿಯವರು ಬಂದಾಗ, ರೇಷನ್ ಕಾರ್ಡಿನವರು ಬಂದಾಗ, ಮಗಳನ್ನು ಶಾಲೆಗೆ ಸೇರಿಸುವಾಗ, ಉದ್ಯೋಗ ಎಂಬ ಖಾನೆಯಲ್ಲಿ ಎಲ್ಲರೂ ಬರೆದದ್ದು ಗೃಹಿಣಿ ಎಂದೇ. ಅವಳಿಗೇ ಕೇಳಿದರೂ "ಕೆಲ್ಸ ಏನಿಲ್ಲ, ಮನೇಲೇ ಇದೀನಿ," ಎನ್ನುತ್ತಿದ್ದಳು.

ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿಗೆ ಸೇರಿದೆ. ಯಂತ್ರದ ಬಿಡಿಭಾಗ ಮಾಡುವ ಜಾಗ. ಅಲ್ಲಿ ಹಿತ್ತಾಳೆ ಟೋಕನ್ ಇತ್ತು. ಪ್ರತಿಯೊಬ್ಬನಿಗೂ ಒಂದು ನಂಬರಿನ ಬಿಲ್ಲೆ. ಬಂದವನು ಅದನ್ನು ಒಂದು ಹಲಗೆಯಿಂದ ತೆಗೆದು ಇನ್ನೊಂದು ಹಲಗೆಯ ಕೊಕ್ಕೆಗೆ ಹಾಕಬೇಕು. ಸೈರನ್ ಆದ ಐದು ನಿಮಿಷಕ್ಕೆ ನಾನು ಹಲಗೆಗೆ ಗಾಜಿನ ಬಾಗಿಲು ಹಾಕಿ ಬೀಗ ಜಡಿಯುತ್ತಿದ್ದೆ. ಲೇತ್ ಓಡಿಸುವ ಆರಡಿಯ ದಢೂತಿ ಟರ್ನರುಗಳು ಆ ಗಾಜಿನ ಮುಂದೆ ಬೆವರುತ್ತ ನಿಂತು, ನನ್ನಂಥ ಕಡ್ಡಿ ಪೈಲ್ವಾನನಿಗೆ "ಒಂದ್ ನಿಮಿಷ ಸಾರ್" ಎಂದು ಗೋಗರೆಯುತ್ತಿದ್ದರು. ಇಪ್ಪತ್ತೆರಡರ ವಯಸ್ಸು, ನನಗೆ ಆ ಬೀಗದ ಕೈ ತಲೆಗೇರಿತ್ತು.

ಈಗ ಕೆಲವರು ಆ ಕಾಲವನ್ನು ನೆನೆದು ಕಣ್ಣೀರು ಹಾಕುತ್ತಾರೆ. ಸೈರನ್ ಕೇಳಿ ಊರು ಏಳುತ್ತಿತ್ತು, ಆಯುಧಪೂಜೆಗೆ ಪುರಿ ಹಂಚುತ್ತಿದ್ದರು, ನೌಕರಿ ಅಂದರೆ ನೌಕರಿ ಎನ್ನುತ್ತಾರೆ. ಅವರೆಲ್ಲ ಆ ಗಾಜಿನ ಮುಂದೆ ಬೆವರುತ್ತ ನಿಲ್ಲದವರು ಇರಬೇಕು. ನಾನು ಅಲ್ಲಿ ಬೆರಳು ಕಳೆದುಕೊಂಡವರನ್ನೂ ಬರೆದಿದ್ದೇನೆ, ಖಾಯಂ ಆಗುತ್ತೇನೆಂದು ಹನ್ನೊಂದು ವರ್ಷ ಕಾದವರನ್ನೂ ಬರೆದಿದ್ದೇನೆ. ಕಂಪ್ಯೂಟರಿನಿಂದ ಓಡುವ ಯಂತ್ರ ಬಂದ ಮೇಲೆ ಹತ್ತು ಜನರ ಕೆಲಸಕ್ಕೆ ಇಬ್ಬರು ಸಾಕಾದರು. ಕೊಕ್ಕೆಗಳು ಖಾಲಿಯಾಗುತ್ತ ಬಂದವು. ಕೊನೆಗೆ ಆ ಜಾಗ ಕಲ್ಯಾಣ ಮಂಟಪವಾಯಿತು. ನನ್ನ ಕೋಣೆಯಲ್ಲಿ ಈಗ ಚಪ್ಪಲಿ ಕಾಯುವವರು ಕೂರುತ್ತಾರೆ.

ಅಲ್ಲಿಂದ ನಾನು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋದೆ. ಅಲ್ಲಿ ಎಲ್ಲ ಹೆಂಗಸರು. ಮಾಗಡಿ ಕಡೆಯಿಂದ, ಬಿಡದಿ ಕಡೆಯಿಂದ ಬಸ್ಸು ತುಂಬಿ ಬರುತ್ತಿದ್ದರು. ಮೊದಮೊದಲು ಕಾರ್ಡು ಗಡಿಯಾರದ ಬಾಯಿಗೆ ತುರುಕಿದರೆ ಟಕ್ ಎಂದು ಸಮಯ ಅಚ್ಚಾಗುತ್ತಿತ್ತು. ಕೆಲವು ವರ್ಷಕ್ಕೆ ಗೋಡೆಯಲ್ಲಿ ಬೆರಳು ಓದುವ ಯಂತ್ರ ಬಂತು. ಎಲ್ಲರೂ ಅದಕ್ಕೆ ತಂಬ್ ಎಂದರು. "ತಂಬ್ ಹಾಕಿದ್ಯಾ?" "ತಂಬ್ ಬರ್ತಿಲ್ಲ ಸಾರ್." ಸೂಟು ಹಾಕಿದ ಮ್ಯಾನೇಜರಿಂದ ಹಿಡಿದು ಕಸ ಗುಡಿಸುವ ಅಜ್ಜಿಯವರೆಗೆ ಎಲ್ಲರೂ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತುವುದನ್ನು ನೋಡಿ ನನಗೆ ಒಳಗೊಳಗೇ ನಗು. ಇಷ್ಟು ಓದಿ ಎಲ್ಲರೂ ಕೊನೆಗೆ ಹೆಬ್ಬೆಟ್ಟುಗಳೇ ಆದೆವಲ್ಲ ಎಂದು ಅಕ್ಕನಿಗೆ ಹೇಳಿದ್ದೆ. ಅವಳು ನಗಲಿಲ್ಲ. "ನಾನಂತೂ ಒತ್ತಲ್ಲಪ್ಪ," ಎಂದಳು.

ಹನ್ನೆರಡು ವರ್ಷ ಆ ಯಂತ್ರಕ್ಕೆ ಸಾವಿರಾರು ಹೆಂಗಸರನ್ನು ಸೇರಿಸಿದೆ. ಬಲ ಹೆಬ್ಬೆಟ್ಟು, ಎಡ ಹೆಬ್ಬೆಟ್ಟು, ಮುಂದಿನವರು ಬನ್ನಿ. ಕೆಲವರದು ಎಷ್ಟು ಒತ್ತಿದರೂ ಬರುತ್ತಿರಲಿಲ್ಲ. ಅವರಿಗೆ "ಕೈ ತೊಳ್ಕೊಂಡ್ ಬನ್ನಿ" ಎನ್ನುತ್ತಿದ್ದೆ. ಬರದಿದ್ದರೆ ಬರಲಿಲ್ಲ ಎಂದು ಮೇಲಕ್ಕೆ ಬರೆದು ಕಳಿಸುತ್ತಿದ್ದೆ. ಅವರಲ್ಲಿ ಕೆಲವರು ಮತ್ತೆ ಕಾಣಲಿಲ್ಲ. ಆಗ ನನಗೆ ಅದು ಅವರ ಕೈಯ ತಪ್ಪು ಎಂದೇ ಅನ್ನಿಸಿತ್ತು.

ಆಮೇಲೆ ಗಾರ್ಮೆಂಟ್ಸು ಜಿಲ್ಲೆ ದಾಟಿ ಹೋಯಿತು, ಕೈಗಳು ಅಗ್ಗಕ್ಕೆ ಸಿಗುವ ಊರಿಗೆ. ನಾನು ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಆರು ತಿಂಗಳು ಕೂತೆ. ನಲವತ್ತೇಳರ ಹಾಜರಿ ಗುಮಾಸ್ತನನ್ನು ಯಾರು ಕೇಳುತ್ತಾರೆ? ಹೋದಲ್ಲೆಲ್ಲ "ಈಗೆಲ್ಲ ಸಾಫ್ಟ್‌ವೇರೇ ಮಾಡುತ್ತೆ ಸಾರ್" ಎಂದು ಮರ್ಯಾದೆಯಿಂದ ಕಳಿಸಿದರು. ಅಪ್ಪನ ಹಾಗೆ ನಾನೂ ಮನೆಯಲ್ಲೇ ಕೂತುಬಿಡುತ್ತೇನೆ ಎಂದು ಹೆಂಡತಿಗೆ ಭಯ ಹತ್ತಿತ್ತು.

ಅಷ್ಟರಲ್ಲಿ ಅಕ್ಕನ ಮಣೆಯೂ ಗೋಡೆಗೆ ಒರಗಿತ್ತು. ಊದುಬತ್ತಿ ಹೊಸೆಯುವ ಯಂತ್ರ ಬಂದಿತ್ತು, ಹೊಸೆದ ಬತ್ತಿಯೇ ಹೊರದೇಶದಿಂದ ಹಡಗಿನಲ್ಲಿ ಬರತೊಡಗಿತ್ತು. ಭಾವನ ಕಣ್ಣು ಮಂಜಾಗಿ ಆಟೋ ನಿಂತಿತ್ತು. ಅವಳು ಯಾರನ್ನೂ ಕೇಳದೆ ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿಗೆ ಹೋಗಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿಬಿಟ್ಟಳು. ಐವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಟಿಫನ್ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದಳು. ನಮಗೆಲ್ಲ ಮುಜುಗರ, ಅವಳಿಗೆ ಹಬ್ಬ. ಗುರುತಿನ ಚೀಟಿಯನ್ನು ಮನೆಯಲ್ಲೂ ಕುತ್ತಿಗೆಯಿಂದ ತೆಗೆಯುತ್ತಿರಲಿಲ್ಲ. "ಭಾನುವಾರ ರಜಾ ಅಂದ್ರೆ ಏನು ಅಂತ ಈಗ ಗೊತ್ತಾಯ್ತು ಕಣೋ," ಎಂದಳು. ಅಲ್ಲಿ ಹಾಜರಿಗೆ ದಪ್ಪ ಪುಸ್ತಕವಿತ್ತು. ದಿನಾ ಎರಡು ಸಹಿ. ಬಾಲ ಎಳೆದು ಹಾಕುತ್ತಿದ್ದಳು.

ನನಗೆ ಆ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಕೊಡಿಸಿದ್ದೂ ಅವಳೇ. ಹಾಜರಿ ಪುಸ್ತಕ ಬರೆಯುತ್ತಿದ್ದವರು ಬಿಟ್ಟು ಹೋದಾಗ ಮ್ಯಾನೇಜರ ಮುಂದೆ ನಿಂತು, "ನನ್ ತಮ್ಮ ಇದಾನೆ ಸಾರ್. ಬೇರೇನೂ ಬರಲ್ಲ, ಆದ್ರೆ ಹಾಜರಿ ಚೆನ್ನಾಗಿ ಬರೀತಾನೆ," ಎಂದಳಂತೆ. ಹೀಗೆ ನೆಲಮಾಳಿಗೆಯಲ್ಲಿ, ಮತ್ತೆ ಮೆಟ್ಟಿಲ ಕೆಳಗೆ, ನನಗೆ ಮೂರನೇ ಟೈಮ್ ಆಫೀಸ್ ಸಿಕ್ಕಿತು. ನಾಲ್ಕನೆಯದು ಬೇಡ ಎಂದು ದಿನಾ ದೇವರಿಗೆ ಕೈ ಮುಗಿಯುತ್ತೇನೆ. ಬೆಳಗ್ಗೆ ನನ್ನ ಸ್ಕೂಟರಿನ ಹಿಂದೆ ಅವಳು ಕೂತು ಬರುವುದು ರೂಢಿಯಾಯಿತು.

ಹೋದ ವರ್ಷ ಅಪಾರ್ಟ್‌ಮೆಂಟಿನವರು ನಮ್ಮನ್ನೆಲ್ಲ ಕೆಲಸಕ್ಕಿಟ್ಟಿದ್ದ ಗುತ್ತಿಗೆದಾರರನ್ನು ಬದಲಾಯಿಸಿದರು. ಹೊಸ ಗುತ್ತಿಗೆದಾರರ ಕಡೆಯಿಂದ ಒಬ್ಬ ಮೇಡಂ ಬಂದರು. ವಿಜಯಪುರದ ಕಡೆಯವರು, ಮೂವತ್ತರ ಆಸುಪಾಸು, ಮಾತು ಗಟ್ಟಿ, ಮನಸ್ಸು ಕೆಟ್ಟದಲ್ಲ. ಕಾವಲಿನವರು, ತೋಟದವರು, ಹೌಸ್‌ಕೀಪಿಂಗಿನವರು ಎಲ್ಲರನ್ನೂ ಹಾಗೇ ಮುಂದುವರಿಸುತ್ತೇವೆ ಎಂದರು. ನಮ್ಮ ಉಸಿರು ಕೆಳಗಿಳಿಯುವ ಮೊದಲೇ ಪೆಟ್ಟಿಗೆಯಿಂದ ಒಂದು ಯಂತ್ರ ತೆಗೆದರು.

"ಪುಸ್ತಕ ಇನ್ ಬ್ಯಾಡ್ರಿ ಸರ. ಶನಿವಾರದೊಳಗ ಎಲ್ಲಾರ್ದೂ ತಂಬ್ ತಗೋರಿ. ಮಷೀನ್‌ನಾಗ ಹೆಸರಿಲ್ಲಂದ್ರ ನಮ್ಮ ಲಿಸ್ಟ್‌ನಾಗೂ ಇಲ್ಲ. ನಾ ಮಾಡಿದ್ದಲ್ರಿ ಇದು, ಮ್ಯಾಲಿಂದ ಬಂದದ."

ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ ಎಂದೆ. ಸೋಮವಾರ ಒಂದೇ ದಿನ ಮುಕ್ಕಾಲು ಪಾಲು ಜನರನ್ನು ಮುಗಿಸಿದೆ. ಮಧ್ಯಾಹ್ನ ಅಕ್ಕ ಬಂದಳು. ಯಂತ್ರ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಂಗೆ ಸೈನ್ ಬರುತ್ತಲ್ಲ. ಬುಕ್ ಕೊಡು, ಹಾಕ್ತೀನಿ."

"ಬುಕ್ ಇಲ್ಲ ಕಣಕ್ಕ. ಎಲ್ಲರದ್ದೂ ಇದೇ ಇನ್ಮೇಲೆ."

"ಎಲ್ಲರೂ ಹೆಬ್ಬೆಟ್ಟಾದ್ರೆ ನಾನೂ ಆಗ್ಬೇಕಾ?"

ಅರ್ಧ ಗಂಟೆ ಪುಸಲಾಯಿಸಿ ಒಪ್ಪಿಸಿದೆ. ಮುಖ ಆಚೆ ತಿರುಗಿಸಿ ಹೆಬ್ಬೆಟ್ಟು ಇಟ್ಟಳು. ಯಂತ್ರದೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಪ್ರಯತ್ನಿಸಿ ಎಂದಳು. ಇನ್ನೊಮ್ಮೆ ಇಟ್ಟಳು. ಇನ್ನೊಮ್ಮೆ. ಎಡಗೈ. ಇನ್ನೊಮ್ಮೆ. ನಾನು ಅವಳ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದ್ದು. ನನ್ನ ಬೆರಳಲ್ಲಿರುವಂಥ ಗೆರೆಗಳು ಅಲ್ಲಿ ಇರಲಿಲ್ಲ. ಹೊಳೆಕಲ್ಲಿನ ಹಾಗೆ ನುಣ್ಣಗಿತ್ತು.

ಆಧಾರಿನವರು ಏನೂ ಹೇಳದೆ ಕಣ್ಣಿನ ಗುರುತಿನಲ್ಲೇ ಮುಗಿಸಿದ್ದರು, ರೇಷನ್ ಅಂಗಡಿಗೆ ಯಾವತ್ತೂ ಮಗಳನ್ನೇ ಕಳಿಸುತ್ತಿದ್ದಳು. ಹಾಗಾಗಿ ಇದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೆರೆ ಎಲ್ಲಿ ಹೋಯಿತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನ್ನ ಶಾಲೆಯ ಸ್ಲೇಟಿಗೆ, ಯೂನಿಫಾರ್ಮಿಗೆ, ಪಿಯುಸಿಗೆ, ಟೈಪಿಂಗಿಗೆ ಹೋಗಿತ್ತು. ಆ ಓದಿನಿಂದ ಸಿಕ್ಕ ಕುರ್ಚಿಯಲ್ಲಿ ಕೂತು ನಾನೇ ಅವಳ ಹೆಸರಿನ ಮುಂದೆ ತಂಬ್ ಬರುತ್ತಿಲ್ಲ ಎಂದು ಬರೆಯಬೇಕಾಗಿತ್ತು. ನನಗೆ ಆ ಕ್ಷಣದಲ್ಲಿ ಆದಷ್ಟು ನಾಚಿಕೆ ಬೇರೆ ಯಾವತ್ತೂ ಆಗಿಲ್ಲ.

ಮಂಗಳವಾರದಿಂದ ಅಪಾರ್ಟ್‌ಮೆಂಟಿನವರೆಲ್ಲ ವೈದ್ಯರಾದರು. ಕಾವಲಿನವರು ಹೆಬ್ಬೆಟ್ಟನ್ನು ಹಣೆಗೆ ಉಜ್ಜಿ ಇಡಿ, ಎಣ್ಣೆ ಹತ್ತಿದರೆ ಬರುತ್ತದೆ ಎಂದರು. ತೋಟದವರು ಬಿಸಿನೀರಲ್ಲಿ ನೆನೆಸಿ ಎಂದರು. ಎರಡನೇ ಮಹಡಿಯ ಆಂಟಿ ಒಬ್ಬರು ವ್ಯಾಸಲೀನ್ ಡಬ್ಬಿಯನ್ನೇ ಕೊಟ್ಟರು. ಯಾರೋ ನಿಂಬೆಹಣ್ಣು ಎಂದರು, ಯಾರೋ ನಿಂಬೆಹಣ್ಣು ಮುಟ್ಟಿಸಲೇಬೇಡಿ ಎಂದರು. ಎರಡು ದಿನ ಆಸಿಡ್ ಮುಟ್ಟಬೇಡ ಎಂದು ಜೊತೆಯವರು ಅವಳ ಪಾಲಿನ ಬಾತ್ರೂಮನ್ನೂ ತಾವೇ ತೊಳೆದರು. ಅಕ್ಕ ಎಲ್ಲವನ್ನೂ ಮಾಡಿದಳು. ಸೈನ್ ಹಾಕುತ್ತೇನೆಂದು ಹಟ ಹಿಡಿದಿದ್ದವಳು ಈಗ ದಿನಕ್ಕೆ ಮೂರು ಸಲ ಬಂದು ಹೆಬ್ಬೆಟ್ಟು ಒತ್ತುತ್ತಿದ್ದಳು. ಅದನ್ನು ನೋಡಲಾಗುತ್ತಿರಲಿಲ್ಲ.

ಗುರುವಾರ ಸಂಜೆ ನಾಯಂಡಹಳ್ಳಿ ಸಿಗ್ನಲಿನಲ್ಲಿ ನಿಂತಾಗ ಹಿಂದಿನಿಂದ ಮೆಲ್ಲಗೆ ಕೇಳಿದಳು.

"ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾರೆ?"

"ಬರುತ್ತೆ ಬಿಡಕ್ಕ."

"ನೀನು ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿದೀಯ. ನಿಜ ಹೇಳು."

ಗಾರ್ಮೆಂಟ್ಸಿನಲ್ಲಿ ಕೈ ತೊಳೆದುಕೊಂಡು ಬನ್ನಿ ಎಂದು ಕಳಿಸಿದ ಹೆಂಗಸರ ಮುಖ ಒಂದಾದರೂ ನೆನಪಾಗುತ್ತದೋ ಎಂದು ನೋಡಿದೆ. ಒಂದೂ ನೆನಪಾಗಲಿಲ್ಲ. ಅವರೆಲ್ಲ ಯಾರ ಅಕ್ಕಂದಿರೋ. ಸಿಗ್ನಲ್ ಬಿಟ್ಟ ಮೇಲೆ ಅವಳೇ ಹೇಳಿದಳು.

"ಮನೇಲಿ ಕೂತ್ಕೊಳ್ಳೋಕೆ ನಂಗೇನ್ ಕಷ್ಟ ಇಲ್ಲ, ಮಗಳು ನೋಡ್ಕೊತಾಳೆ. ಆದ್ರೆ ಇದೊಂದು ಕೆಲ್ಸ ಅಂತ ಇತ್ತು ಕಣೋ. ಎಲ್ಲಿಗ್ ಹೋಗ್ತೀರಾ ಅಂದ್ರೆ ಡ್ಯೂಟಿಗೆ ಅಂತಿದ್ದೆ."

ಶನಿವಾರ ಬಂತು. ನಾಲ್ಕು ಗಂಟೆಗೆ ಮೇಡಂ ಲ್ಯಾಪ್‌ಟಾಪ್ ಹಿಡಿದು ನನ್ನ ಕೋಣೆಗೆ ಇಳಿದರು. ಅಕ್ಕ ಬಾಗಿಲಲ್ಲಿ, ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಎರಡೂ ಹೆಬ್ಬೆರಳಿಗೆ ಅಷ್ಟು ದಪ್ಪ ವ್ಯಾಸಲೀನ್.

"ಎಲ್ಲಾರ್ದೂ ಮುಗೀತ್ರಿ ಸರ?"

"ಒಬ್ಬರದ್ದು ಬರ್ತಿಲ್ಲ ಮೇಡಂ. ನಮ್ಮಕ್ಕ. ಊದುಬತ್ತಿ ಉಜ್ಜಿ ಉಜ್ಜಿ ಗೆರೆ ಸವೆದೋಗಿದೆ. ಇವರೊಬ್ಬರಿಗೆ ಮಾತ್ರ ಪುಸ್ತಕ ಇಡಿ ಮೇಡಂ, ನಾನೇ ಬರೀತೀನಿ, ಬೇಕಾದ್ರೆ ಇವರ ಬದಲು ನನ್ನನ್ನ ಲಿಸ್ಟಿಂದ ತೆಗೀರಿ." ಏನು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಮೇಡಂ ಯಂತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಎಲ್ಲಾ ಬೆರಳೂ ನೋಡಿದ್ರೇನು?"

"ನೋಡಿದೆ ಮೇಡಂ. ಎರಡೂ ನೋಡಿದೆ."

ಅವರು ತಲೆ ಎತ್ತಿದರು. "ಎರಡ? ಮನಷ್ಯಾಗ ಹತ್ತ ಬೆರಳ ಅದಾವಲ್ರಿ ಸರ."

ನಾನು ಯಂತ್ರದ ಪರದೆ ನೋಡಿದೆ. ಅಲ್ಲಿ ಫಿಂಗರ್ ಎಂದು ಬರೆದಿತ್ತು. ಹನ್ನೆರಡು ವರ್ಷ ಗಾರ್ಮೆಂಟ್ಸಿನ ಯಂತ್ರದಲ್ಲೂ ಫಿಂಗರ್ ಎಂದೇ ಬರೆದಿತ್ತು. ನಾನು ಅದನ್ನು ಒಂದು ಸಲವೂ ಬೆರಳು ಎಂದು ಓದಿರಲಿಲ್ಲ, ಹೆಬ್ಬೆಟ್ಟು ಎಂದೇ ಓದಿದ್ದೆ. ಎಲ್ಲರೂ ತಂಬ್ ಎನ್ನುತ್ತಿದ್ದರು, ಏಜೆಂಟನ ಮಸಿ ಡಬ್ಬಿಯ ಕಾಲದಿಂದ ಒತ್ತುವುದು ಎಂದರೆ ಹೆಬ್ಬೆಟ್ಟೇ. ಆಧಾರ್ ಮಾಡಿಸುವಾಗ ಹತ್ತೂ ಬೆರಳು ಇಟ್ಟು ಬಂದವನು ನಾನು. ಓದು ಬಂದವನು, ಟೈಪಿಂಗ್ ಬಂದವನು. ಆ ಕೋಣೆಯಲ್ಲಿ ನಿಜವಾದ ಹೆಬ್ಬೆಟ್ಟು ಯಾರೆಂದು ಗೊತ್ತಾಯಿತು.

"ಅಕ್ಕಾರ, ಬರ್ರಿ ಇಲ್ಲಿ. ಅದೆಲ್ಲಾ ಒರಸ್ಕೋರಿ ಮೊದ್ಲ," ಎಂದು ಮೇಡಂ ತಮ್ಮ ಕರ್ಚೀಫು ಕೊಟ್ಟರು.

ಅಕ್ಕ ಬಲಗೈಯ ತೋರುಬೆರಳು ಇಟ್ಟಳು. ಹಿಟ್ಟು ಚಿವುಟುತ್ತಿದ್ದ ಬೆರಳು ಅದು, ಬರಲಿಲ್ಲ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು, ಮಣೆಗೆ ಒತ್ತಿ ಉಜ್ಜಿದ ಕೈ ಪೂರ್ತಿ ಮುಗಿಯಿತು. ಪ್ರತಿ ಸಲವೂ ಯಂತ್ರದ ಹೆಂಗಸು ಅದೇ ಸೌಮ್ಯ ದನಿಯಲ್ಲಿ ಇನ್ನೊಮ್ಮೆ ಎನ್ನುತ್ತಿದ್ದಳು. ನನಗೆ ಅವಳ ಕುತ್ತಿಗೆ ಹಿಸುಕುವಷ್ಟು ಸಿಟ್ಟು. ಎಡಗೈಯ ತೋರುಬೆರಳು, ನಡುಬೆರಳು ಕಡ್ಡಿ ತಿರುಗಿಸಿದ ಬೆರಳುಗಳು. ಬರಲಿಲ್ಲ. ಉಂಗುರದ ಬೆರಳಿಗೆ ಯಂತ್ರ ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ ಇಲ್ಲ ಎಂದಿತು. ಇನ್ನು ಉಳಿದದ್ದು ಒಂದು. ಅಕ್ಕ ಅದನ್ನು ಸೀರೆಗೆ ಒರೆಸಿ, ನನ್ನ ಮುಖ ನೋಡದೆ, ಇಟ್ಟಳು.

ಹಸಿರು ದೀಪ ಹತ್ತಿತು. ಯಂತ್ರ ಥ್ಯಾಂಕ್ ಯೂ ಎಂದಿತು.

ಮೇಡಂ ಇನ್ನೆರಡು ಸಲ ಇಡಿಸಿದರು. ಎರಡೂ ಸಲ ಥ್ಯಾಂಕ್ ಯೂ. ಆರು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ತಡೆಯಲು ಹೋಗಲಿಲ್ಲ. ಮೆಟ್ಟಿಲ ಮೇಲೆ ಕಾಯುತ್ತಿದ್ದ ಜೊತೆಯವರು ಒಳಗೆ ಇಣುಕಿ, ವಿಷಯ ತಿಳಿದು, ಟೀ ತರಿಸಲು ಓಡಿದರು. ಮೇಡಂ ಹೆಸರು ಸೇರಿಸಿ, "ಸೋಮವಾರ ಲೇಟ್ ಆಗಬ್ಯಾಡ್ರಿ ಅಕ್ಕಾರ," ಎಂದು ಲ್ಯಾಪ್‌ಟಾಪ್ ಮುಚ್ಚಿದರು.

ಅಕ್ಕ ಮಾತ್ರ ಅಲ್ಲೇ ನಿಂತು ತನ್ನ ಎಡಗೈಯ ಕಿರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನಾನು ಕಣ್ಣು ಒರೆಸಿಕೊಂಡು ಕೇಳಿದೆ.

"ಇದೊಂದರಲ್ಲಿ ಗೆರೆ ಹೆಂಗ್ ಉಳೀತಕ್ಕ?"

"ಎಲ್ಲಾ ಬೆರಳೂ ದುಡೀತಿದ್ವು, ಇದೊಂದು ಮಾತ್ರ ಮೇಲೆತ್ಕೊಂಡು ಸುಮ್ನೆ ನೋಡ್ತಾ ಇರ್ತಿತ್ತು," ಎಂದಳು. ಬೆರಳನ್ನು ನನ್ನ ಮುಖದ ಹತ್ತಿರ ತಂದು ಅಲ್ಲಾಡಿಸಿದಳು. "ಮನೆಗೆ ಚಿಕ್ಕೋನು ಅಂತ ಇದನ್ನ ಯಾರೂ ಕೆಲ್ಸಕ್ಕೆ ಹಚ್ಲಿಲ್ಲ ಕಣೋ, ನಿನ್ನ ಹಚ್ಲಿಲ್ವಲ್ಲ, ಹಂಗೆ."